ಕೆಂಚಮ್ಮನ ಹೆಬ್ಬೆಟ್ಟು

ಕೃತಿಕಾಳಿಗೆ ಉಳಿದಿದ್ದದ್ದು ಅದೊಂದೇ ದಿನ. ಮೈಸೂರಿನ ಸಂಶೋಧನಾ ಕೇಂದ್ರವೊಂದು ಇತಿಹಾಸ ಓದಿದವರಿಗೆ ಕೊಡುವ ಇಂಟರ್ನ್‌ಶಿಪ್ಪಿಗೆ ಸಂಜೆ ಐದರೊಳಗೆ ಆನ್‌ಲೈನಿನಲ್ಲಿ ಅರ್ಜಿ ಸೇರಬೇಕಿತ್ತು. ಹಿಂದೆ ಎರಡು ಸಲ ಹಾಕಿ ಎರಡು ಸಲವೂ ತಪ್ಪಿಹೋಗಿತ್ತು. ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ. "ಸತ್ತೋರ ಕತೆ ಓದ್ಕಂಡು ಇನ್ನೆಷ್ಟ್ ದಿನ ಕೂತಿರ್ತೀಯವ್ವ" ಎಂದು ಮಗ್ಗೆಯ ಮನೆಯಲ್ಲಿ ಅವಳಪ್ಪ ಮೃತ್ಯುಂಜಯ ಕೇಳುವುದನ್ನೂ ಬಿಟ್ಟುಬಿಟ್ಟಿದ್ದ. ಕೇಳುತ್ತಿದ್ದಾಗಲೇ ವಾಸಿಯಿತ್ತು.

ಈ ಸಲದ ಪ್ರಬಂಧ ಮಾತ್ರ ಗಟ್ಟಿಯಾಗಿತ್ತು. ಅದು ವನಗೂರಿನ ಎಸ್ಟೇಟಿನಲ್ಲಿ ಕೂಲಿಯವರ ಲೈನು ಮನೆಯಲ್ಲಿರುವ ಕೆಂಚಮ್ಮ ಹೇಳಿದ ಅವಳದೇ ಬದುಕು. ಗಂಡ ಸತ್ತ ವರ್ಷ ಅವಳು ಜ್ವರ ಬಂದು ಬಿಸಿಲೆಯ ತವರಿನಲ್ಲಿ ಮಲಗಿದ್ದಾಗ, ಮೈದುನ ಅವಳ ಹೆಸರಿಗೆ ಇನ್ಯಾರದೋ ಹೆಬ್ಬೆಟ್ಟು ಒತ್ತಿಸಿ ಗದ್ದೆ ಬರೆಸಿಕೊಂಡಿದ್ದ. ಅಂದಿನಿಂದ ಅವಳದು ಲೈನಿನ ಒಂದು ಕೋಣೆಯ ಸಂಸಾರ. ಮೂರು ಭಾನುವಾರ ಕೂತು ಎಲ್ಲವನ್ನೂ ಕೃತಿಕಾಳ ಫೋನಿಗೆ ಹೇಳಿದ್ದಳು.

ಈಗ ಬೇಕಾಗಿದ್ದದ್ದು ಅವಳ ಒಪ್ಪಿಗೆ ಪತ್ರ, ಸಹಿಯೋ ಹೆಬ್ಬೆಟ್ಟೋ ಇರಲೇಬೇಕು. ಅದಿಲ್ಲದ ಅರ್ಜಿಯನ್ನು ತೆರೆದೂ ನೋಡುವುದಿಲ್ಲ ಎಂದು ಬರೆದಿತ್ತು. ಯಾರ ಹತ್ತಿರ ಏನು ಕೇಳಲು ಹೊರಟಿದ್ದೇನೆ ಎಂಬ ಯೋಚನೆ ಇಷ್ಟು ಓದಿದ ಹುಡುಗಿಗೆ ಕೊನೇ ದಿನದವರೆಗೂ ಹೊಳೆದಿರಲಿಲ್ಲ, ನೋಡಿ.

"ಏನ್ ಬೇಕಾದ್ರೂ ಬರ್ಕೊ ಮಗ, ನಂದೇನೂ ಅಡ್ಡಿಯಿಲ್ಲ. ಹೆಬ್ಬೆಟ್ಟು ಮಾತ್ರ ಒತ್ತಲ್ಲ," ಎಂದಳು ಕೆಂಚಮ್ಮ.

"ರೇಷನ್ ಅಂಗಡೀಲಿ ತಿಂಗ್ಳಾ ತಿಂಗ್ಳಾ ಬೆಳ್ಳು ಇಡ್ತೀಯಲ್ಲಜ್ಜಿ?"

"ಅದು ಮಿಷಿನ್ನು ಕಣ್ ಮಗ. ಇದು ಕೆಂಚಮ್ಮನ ಬೆಳ್ಳು ಅಂತ ಅದಕ್ಕೆ ಗೊತ್ತಾಯ್ತದೆ. ಕಾಗ್ದಕ್ಕೇನ್ ಗೊತ್ತೈತೆ? ಯಾರ್ ಒತ್ತಿದ್ರೂ ಇಸ್ಕತ್ತದೆ."

ಕೃತಿಕಾ ಬೇಡಿಕೊಂಡಳು, ಅತ್ತಳು, ನಾಚಿಕೆ ಬಿಟ್ಟು ಕಾಲನ್ನೂ ಹಿಡಿದಳು. ಕೆಂಚಮ್ಮ ಅವಳನ್ನು ಎಬ್ಬಿಸಿ ಕೂರಿಸಿ, ಕಣ್ಣೊರೆಸಿ, ಬೆಲ್ಲದ ಕಾಫಿ ಕೊಟ್ಟು, ಮತ್ತೆ ಆಗಲ್ಲ ಎಂದೇ ಹೇಳಿದಳು.

ಜೀಪು ಸಕಲೇಶಪುರಕ್ಕೆ ತಂದು ಇಳಿಸಿದಾಗ ನಾಲ್ಕೂವರೆ. ಲಿಂಗಪ್ಪನ ಜೆರಾಕ್ಸ್ ಅಂಗಡಿಯ ಮೇಜಿನ ಮೇಲೆ ಇಂಕ್ ಪ್ಯಾಡು ತೆರೆದೇ ಇತ್ತು. ಲಿಂಗಪ್ಪ ಯಾರದೋ ಆಧಾರ್ ಕಾರ್ಡಿನ ಪ್ರತಿ ತೆಗೆಯುತ್ತಾ ಬೆನ್ನು ಹಾಕಿ ನಿಂತಿದ್ದ. ಕೃತಿಕಾ ಗೋಡೆಯ ಗಡಿಯಾರ ನೋಡಿದಳು. ಆಮೇಲೆ ತನ್ನದೇ ಎಡಗೈ ಹೆಬ್ಬೆಟ್ಟನ್ನು ಪ್ಯಾಡಿಗೆ ತಾಗಿಸಿ ಕೆಂಚಮ್ಮನ ಹೆಸರಿನ ಮೇಲೆ ಒತ್ತಿದಳು. ಕಾಗದ ಒಂದು ತಕರಾರೂ ಇಲ್ಲದೆ ಇಸಿದುಕೊಂಡಿತು.

ತಿಂಗಳು ಕಳೆದ ಮೇಲೆ ಆಯ್ಕೆಯ ಪತ್ರ ಬಂತು, ಜೊತೆಗೆ ಆ ಪ್ರಬಂಧಕ್ಕೆ ಪ್ರಶಸ್ತಿಯೂ ಬಂತು. ಮೃತ್ಯುಂಜಯ ಊರಿಗೆಲ್ಲ ಹೇಳಿಕೊಂಡು ಬಂದ. ಕೃತಿಕಾಳಿಗೆ ಅಷ್ಟು ದಿನವೂ ನೆಟ್ಟಗೆ ಊಟ ಸೇರಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಬೈಸಿಕೊಂಡು ಬರುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ, ಅಂದು ಸ್ಕ್ಯಾನ್ ಮಾಡಿ ಕಳಿಸಿದ್ದ ಒಪ್ಪಿಗೆ ಪತ್ರವನ್ನು ಚೀಲಕ್ಕೆ ಹಾಕಿಕೊಂಡು ವನಗೂರಿನ ಜೀಪು ಹತ್ತಿದಳು.

ಪ್ರಶಸ್ತಿ ಬಂತು ಎನ್ನುವಷ್ಟರಲ್ಲೇ ಕೆಂಚಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು.

"ಹೆಬ್ಬೆಟ್ಟು ಇಲ್ದೇನೇ ನನ್ ಮಾತ ನಂಬಿದ್ರಾ ಮಗ? ನಲವತ್ ವರ್ಷಕ್ಕೆ ಒಬ್ರಾದ್ರೂ ನಂಬಿದ್ರಲ್ಲ."

ಮುದುಕಿ ಅಳುತ್ತಿದ್ದಳು.

ಕೆಂಚಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಎಡಗೈ ಹೆಬ್ಬೆಟ್ಟನ್ನು ಸೀರೆಗೆ ಉಜ್ಜಿ ಮುಂದೆ ಚಾಚಿದಳು. "ಅಂಥೋರಿಗಾದ್ರೆ ಒತ್ತಿಕೊಡ್ತೀನಿ. ತೆಗಿ ಆ ಕಾಗ್ದ."

ಕಾಗದ ಚೀಲದಲ್ಲೇ ಇತ್ತು. ಅದರಲ್ಲಿ ಕೆಂಚಮ್ಮನ ಹೆಬ್ಬೆಟ್ಟಿಗೆ ಜಾಗ ಉಳಿದಿರಲಿಲ್ಲ.