ಸರ್ವರ್ ಮತ್ತು ಅಜ್ಜಿ ಮಾಡಿಸಿದ ಮದುವೆ

ಯಾವ ಇಬ್ಬರ ಹೆಸರು ಒತ್ತಿದರೂ ಅವರ ನಡುವಿನ ಸಂಬಂಧ ಹೇಳುವ ವೆಬ್‌ಸೈಟು ಅದು. ಕಟ್ಟಿದವಳು ಅಕ್ಷಿತಾ. ಮೂಡುಬಿದಿರೆಯ ಹಾಲ್‌ನಲ್ಲಿ ಅಜ್ಜಿಯ ಕುಟುಂಬದ ಕೂಟಕ್ಕೆ ಬಂದ ಮುನ್ನೂರು ಜನ ಮೊಬೈಲ್ ಹಿಡಿದು ಕೂತ ಹೊತ್ತಿಗೇ ಅದು ಕೈಕೊಟ್ಟಿತು. ಅಪ್ಪ ಸುಧಾಕರ ಬೆಳಿಗ್ಗೆಯೇ ಹೇಳಿದ್ದರು: "ಇವತ್ತು ಸರಿಯಾಗಿ ನಡೆದರೆ ನಮ್ಮ ಹೋಟೆಲಿನ ಮೇಲಿನ ಕೋಣೆ ನಿನ್ನ ಆಫೀಸಿಗೆ. ಇಲ್ಲದಿದ್ದರೆ ಬಾಡಿಗೆಗೆ ಕೊಡ್ತೇನೆ."

ಲ್ಯಾಪ್‌ಟಾಪಿನಲ್ಲಿ ನೋಡಿದರೆ ಸರ್ವರಿನ ಸಿಪಿಯು ಮೇಲಿನ ಹೊರೆ ನೂರಕ್ಕೆ ನೂರು. ಜನ ಹೆಚ್ಚಾದರೇನೋ ಎಂದು ಇನ್ನೊಂದು ಸರ್ವರ್ ಸೇರಿಸಿದಳು. ಎರಡೇ ನಿಮಿಷ, ಅದೂ ನೂರು. ರೋಗ ತಿಳಿಯದೆ ಮದ್ದು ಕೊಟ್ಟರೆ ಇಷ್ಟೇ. ಕೊನೆಗೆ, ಆ ಕ್ಷಣ ಸರ್ವರಿನಲ್ಲಿ ಓಡುತ್ತಿರುವುದೇನೆಂದು ತೆರೆದು ನೋಡಿದಳು. ಜನ ಒತ್ತಿದ ಉಳಿದ ಪ್ರಶ್ನೆಗಳೆಲ್ಲ ಥಟ್ಟನೆ ಮುಗಿದಿದ್ದವು. ಹನ್ನೊಂದು ಮಾತ್ರ ಮುಗಿಯುವ ಲಕ್ಷಣವೇ ಇರಲಿಲ್ಲ. ಅವು ಹಿಡಿದ ದಾರಿಯನ್ನು ಗಟ್ಟಿಯಾಗಿ ಓದಿದಳು.

"ಸುಧಾಕರ, ಹೆಂಡತಿ ಕುಸುಮ, ಕುಸುಮಳ ಅಪ್ಪ, ಅವರ ತಂಗಿ, ತಂಗಿಯ ಮಗ ಸುಧಾಕರ, ಹೆಂಡತಿ ಕುಸುಮ..."

ಪಕ್ಕದಲ್ಲಿ ಪಾಯಸಕ್ಕೆ ಕಾಯುತ್ತಿದ್ದ ಅಜ್ಜಿ ತಲೆಯೆತ್ತಿದರು. "ಆ ತಂಗಿ ನಾನೇ ಅಲ್ವಾ ಮಾರಾಯ್ತಿ! ಅಣ್ಣನ ಮಗಳು ಹೊರಗೆ ಹೋಗುವುದು ಬೇಡ ಅಂತ ನಿನ್ನ ಅಪ್ಪನಿಗೆ ನಾನೇ ಮಾಡಿಸಿದ ಮದುವೆ ಅದು."

ಅಕ್ಷಿತಾ ಹಣೆ ಚಚ್ಚಿಕೊಂಡಳು. ಮಿಜಾರಿನ ಕಾಲೇಜಿನಲ್ಲಿ ವೆಬ್‌ಸೈಟು ಪರೀಕ್ಷಿಸಲೆಂದು ಗೆಳತಿಯರು ಕಲ್ಪಿಸಿದ ಕುಟುಂಬದಲ್ಲಿ ಯಾರೂ ಸೋದರಮಾವನ ಮಗಳನ್ನು ಮದುವೆಯಾಗಿರಲಿಲ್ಲ. ಪ್ರೋಗ್ರಾಮು ಮಕ್ಕಳಿಗಿಂತ ಮೊದಲು ಹೆಂಡತಿಯ ಕಡೆ ಹುಡುಕುತ್ತಿತ್ತು; ಹಾಗೆ ಹೊರಟವನು ಸುತ್ತು ಹಾಕಿ ತನ್ನ ಮನೆಗೇ ಬರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ, ಅದೂ ಸ್ವಂತ ಅಪ್ಪ ಅಮ್ಮ ಹಾಗಿರುವಾಗ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು.

ಒಮ್ಮೆ ನೋಡಿದವರನ್ನು ಮತ್ತೆ ನೋಡಬೇಡ ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ ಸರ್ವರನ್ನು ಮತ್ತೆ ಶುರು ಮಾಡಿದಳು. ಸಿಪಿಯು ಹೊರೆ ನೂರರಿಂದ ನಾಲ್ಕಕ್ಕಿಳಿಯಿತು. ಹಾಲ್ ತುಂಬ ನಗು, ಕೂಗಾಟ. ಅವಳಿಗೆ ಕುಣಿಯುವಷ್ಟು ಖುಷಿ.

ಆಗಲೇ ಅವಳಿಗೆ ಕಂಡದ್ದು: ಹನ್ನೊಂದು ಪ್ರಶ್ನೆಯೂ ಒಂದೇ ಮೊಬೈಲಿನದು, ಅಪ್ಪನದು. ಹನ್ನೊಂದೂ ಒಂದೇ ಪ್ರಶ್ನೆ: ಸುಧಾಕರನಿಗೆ ಅಕ್ಷಿತಾ ಏನಾಗಬೇಕು?

"ಇದನ್ನು ಮಾಡಿದವಳು ಯಾರೂಂತ ಎಲ್ಲರಿಗೂ ತೋರಿಸುವ ಅಂತ ಒತ್ತಿದೆ. ಉತ್ತರ ಬರಲಿಲ್ಲ, ಮತ್ತೆ ಮತ್ತೆ ಒತ್ತಿದೆ" ಎಂದು ಅಪ್ಪ ನಾಚಿಕೊಂಡರು. ಹನ್ನೆರಡನೆಯ ಸಲ ಒತ್ತಿದರು. "ಮಗಳು" ಎಂದು ಬಂತು. ಅದನ್ನು ಸುತ್ತಲಿನವರಿಗೆಲ್ಲ ತೋರಿಸಿ, ಜೇಬಿನಿಂದ ಮೇಲಿನ ಕೋಣೆಯ ಕೀ ತೆಗೆದು ಅವಳ ಕೈಗಿತ್ತರು. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಅದನ್ನು ತಂದಿದ್ದರು.