ಕೌಂಟರಿನ ಈಚೆ

ಅರ್ಧ ಎತ್ತುವಷ್ಟರಲ್ಲಿ ಶಟರು ಸಿಕ್ಕಿಕೊಂಡಿತು. ಅವಳು ಬಗ್ಗಿ, ಹೆಗಲು ಕೊಟ್ಟು ದೂಡುತ್ತಿದ್ದಾಗ ಪಕ್ಕದಿಂದ ಇನ್ನೆರಡು ಕೈಗಳು ಬಂದವು. ಪಕ್ಕದಂಗಡಿಯ ಬೇಕರಿಯವಳ ಕೈಗಳು, ಮೊಣಕೈವರೆಗೂ ಹಿಟ್ಟು.

"ಎಡಗಡೆ ಒಂದು ಒದೆ ಬೀಳಬೇಕು ಇದಕ್ಕೆ. ನಿನ್ನ ಗಂಡ ದಿನಾ ಒದೀತಿದ್ದ. ಆ ಸದ್ದು ಕೇಳಿದ್ಮೇಲೇ ನಾನು ಮೊದಲನೇ ಟ್ರೇ ಹೊರಗೆ ತೆಗೀತಿದ್ದಿದ್ದು."

ಅವಳು ಒದ್ದಳು. ಶಟರು ಮೇಲೆ ಹೋಯಿತು. ಒಳಗೆ ಸೋಪಿನ, ಬಿಸಿ ಬಟ್ಟೆಯ ವಾಸನೆ ಹಾಗೇ ನಿಂತಿತ್ತು. ಪ್ಲಾಸ್ಟಿಕ್ ಕವರು ಹೊದ್ದ ಕೋಟುಗಳು, ಶರ್ಟುಗಳು, ಪ್ಯಾಂಟುಗಳು ಕಂಬಿಯ ಉದ್ದಕ್ಕೂ ತೂಗುತ್ತಿದ್ದವು. ಎಲ್ಲವೂ ಬದುಕಿರುವವರ ಬಟ್ಟೆ.

ಬೇಕರಿಯವಳು ಹೋಗಲಿಲ್ಲ. ಬಾಗಿಲ ಬಳಿ ಇಟ್ಟಿದ್ದ ಚೀಲವನ್ನು ಎತ್ತಿಕೊಂಡು, ಮತ್ತೆ ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು.

"ಹೇಗೆ ಕೇಳೋದು ಅಂತಾನೇ ಗೊತ್ತಾಗ್ತಿಲ್ಲ ಕಣೇ."

"ಏನಕ್ಕ?"

"ಮೊನ್ನೆ ಹಾಕ್ಕೊಂಡಿದ್ದು. ಕಪ್ಪು ಅಂತ ನನ್ನ ಹತ್ರ ಇರೋದು ಇದೊಂದೇ ಜಾಕೆಟ್ಟು. ಅತ್ತು ಅತ್ತು ತೋಳೆಲ್ಲ ಮೂಗು ಒರೆಸಿ ಇಟ್ಟಿದೀನಿ. ಬೇರೆ ಲಾಂಡ್ರಿ ಯಾವುದೂ ಗೊತ್ತಿಲ್ಲ ನಂಗೆ. ಬೈಕೋಬೇಡ."

ಅವಳು ಚೀಲ ತೆಗೆದುಕೊಂಡಳು. ಜಾಕೆಟ್ಟಿನ ಬೆನ್ನಿನಲ್ಲಿ ಗಂಡ ಹಾಕಿದ್ದ ಇಸ್ತ್ರಿಯ ಗೆರೆ ಇನ್ನೂ ಇತ್ತು.

ಹಿಂದಿನ ಕೋಣೆಯಿಂದ ಭಾವ ಎರಡು ಲೋಟ ಟೀ ಹಿಡಿದು ಬಂದ. ಗಂಡನ ಅಣ್ಣ, ತಮ್ಮ ತೀರಿಕೊಂಡ ಸುದ್ದಿ ಕೇಳಿ ಊರಿನಿಂದ ವಿಮಾನ ಹತ್ತಿ ಬಂದವನು. ಜೇಬಿನಲ್ಲಿ ವಾಪಸಿನ ಎರಡು ಟಿಕೆಟ್ಟುಗಳಿದ್ದವು, ಒಂದು ಅವನದು, ಒಂದು ಅವಳದು.

"ಏನಮ್ಮಾ ಇದು? ಇರೋದನ್ನ ವಾಪಸ್ ಕೊಟ್ಟು ಬೀಗ ಹಾಕೋಕೆ ಅಂತ ಅಂಗಡಿ ತೆಗೆದಿದ್ದು. ನೀನು ಹೊಸದು ತಗೋತಿದೀಯಲ್ಲ?"

"ಒಂದೇ ಭಾವ."

"ಒಂದು ಅಂತಾನೇ ಶುರುವಾಗೋದು."

"ಅಯ್ಯೋ ಬಿಡಿಪ್ಪಾ, ಒಂದು ಜಾಕೆಟ್ಟಿಗೆ ಏನು ಭೂಮಿ ಮುಳುಗಿಹೋಗಲ್ಲ," ಎಂದಳು ಬೇಕರಿಯವಳು. ಆಮೇಲೆ ಅವಳ ಕಡೆ ತಿರುಗಿ, "ನೀನ್ಯಾಕೆ ಇನ್ನೂ ಈ ಕಡೆ ನಿಂತಿದೀಯ? ಆ ಕಡೆ ಹೋಗೇ," ಎಂದಳು.

ಆಗಲೇ ಅವಳಿಗೆ ಗೊತ್ತಾದದ್ದು. ಕೌಂಟರಿನ ಈಚೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ, ಹೆಗಲಿಗೆ ಕೈಚೀಲ ಹಾಕಿಕೊಂಡು ನಿಂತಿದ್ದಳು.

*

ಈ ದೇಶಕ್ಕೆ ಅವನು ಬಂದದ್ದು ಅಂಗಡಿ ನಡೆಸುವ ವೀಸಾದಲ್ಲಿ. ಅವಳು ಬಂದದ್ದು ಅವನ ಹೆಂಡತಿಯೆಂಬ ವೀಸಾದಲ್ಲಿ. ಅವಳ ಪಾಸ್‌ಪೋರ್ಟಿನಲ್ಲಿ ಅವನ ಹೆಸರಿನ ಕೆಳಗೆ ಒಂದು ಸಾಲು ಹೆಚ್ಚಿಗೆ ಇತ್ತು: ಕೆಲಸ ಮಾಡುವಂತಿಲ್ಲ.

"ಮನೇಲಿ ಕೂತ್ಕೊಂಡು ಓದ್ತಿರು. ಕೆಮಿಸ್ಟ್ರಿ ಮರೆತುಹೋಗತ್ತೆ ಇಲ್ದಿದ್ರೆ," ಎಂದಿದ್ದ.

ಮರೆಯುವ ಅವಕಾಶ ಸಿಗಲಿಲ್ಲ. ಮೊದಲ ಚಳಿಗಾಲದಲ್ಲಿ ಯಾರದೋ ರೇಷ್ಮೆಯ ಕುತ್ತಿಗೆಪಟ್ಟಿಗೆ ಇಂಕು ಬಿದ್ದಿತ್ತು. ಅವನು ಅದನ್ನು ಉಜ್ಜಿ ಉಜ್ಜಿ ಅಂಗೈಯಷ್ಟು ಅಗಲ ಮಾಡಿಕೊಂಡು, ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದ. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿಯ ತುಂಡು, ಸ್ಪಿರಿಟ್ಟಿನ ಬಾಟಲಿ ಇಟ್ಟುಕೊಂಡು ಕೂತಳು. ಕಲೆ ಹೋಯಿತು. ಅಂದಿನಿಂದ ಕಲೆಗಳೆಲ್ಲ ಅವಳ ಪಾಲಿಗೆ ಬಂದವು. ದ್ರಾವಣಗಳ ಘಾಟಿಗೆ ಮನೆಯಲ್ಲಿ ಗಾಳಿ ಸಾಲದೆ ಅಂಗಡಿಯ ಹಿಂದಿನ ಕೋಣೆಗೆ ಹೋದಳು. ಎಣ್ಣೆ, ರಕ್ತ, ಲಿಪ್‌ಸ್ಟಿಕ್ಕು, ತುಕ್ಕು. ಬೀದಿಯಲ್ಲೆಲ್ಲ ಅವನ ಕೈಗುಣದ ಮಾತು ಹಬ್ಬಿತು.

ವೀಸಾ ತಪಾಸಣೆಯವರು ಯಾವಾಗ ಬೇಕಾದರೂ ಬರಬಹುದಿತ್ತು. ಸಮವಸ್ತ್ರವಿಲ್ಲದೆ, ಕೈಯಲ್ಲಿ ಒಂದು ಶರ್ಟು ಹಿಡಿದು ಗಿರಾಕಿಯ ಹಾಗೇ ಬರುತ್ತಾರೆ ಎಂದು ಯಾರೋ ಹೇಳಿದ್ದರು. ಹಾಗಾಗಿ ಬಾಗಿಲು ಸದ್ದಾದರೆ ಸಾಕು, ಅವಳು ಕೈ ಒರೆಸಿಕೊಂಡು, ಮೊಳೆಗೆ ನೇತುಹಾಕಿದ್ದ ಕೈಚೀಲ ಎತ್ತಿಕೊಂಡು, ಕೌಂಟರಿನ ಹಲಗೆ ಎತ್ತಿ ಈಚೆ ಬಂದು ನಿಲ್ಲುತ್ತಿದ್ದಳು.

"ಮೇಡಂ, ನಿಮ್ಮದು ನಾಳೆ ರೆಡಿ ಆಗತ್ತೆ," ಎನ್ನುತ್ತಿದ್ದ ಅವನು, ಮುಖದ ಒಂದು ಗೆರೆಯೂ ಅಲುಗದಂತೆ.

"ನಿನ್ನೇನೂ ಇದನ್ನೇ ಹೇಳಿದ್ರಿ."

"ಏನ್ಮಾಡೋದು ಮೇಡಂ, ಹೆಂಡತಿ ಊರಿಗೆ ಹೋಗಿದಾಳೆ. ನಂಗೆ ಕೈಯೇ ಆಡ್ತಿಲ್ಲ."

ಬಂದವರು ಹೋದ ಮೇಲೆ ಇಬ್ಬರೂ ನಗುತ್ತಿದ್ದರು. ಮೊದಮೊದಲು ತುಂಬ ನಗುತ್ತಿದ್ದರು. ಆಮೇಲೆ ಅದು ಬಾಗಿಲು ಹಾಕುವ, ದೀಪ ಆರಿಸುವ ಕೆಲಸದಷ್ಟೇ ರೂಢಿಯಾಯಿತು. ಮನೆಯಲ್ಲೂ ಅವನು ಅವಳನ್ನು ಮೇಡಂ ಎಂದೇ ಕರೆಯತೊಡಗಿದ್ದ.

*

ಮೊನ್ನೆ, ಚಿತಾಗಾರದ ಸಭಾಂಗಣದಲ್ಲಿ, ಅವಳು ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಮುಂದೆ ಭಾವ ನಿಂತು ಬಂದವರ ಕೈ ಹಿಡಿದುಕೊಳ್ಳುತ್ತಿದ್ದ. ಬೆಳಿಗ್ಗೆ ಇಸ್ತ್ರಿ ಬಟ್ಟೆ ಕೊಡಲು ಹೋದ ತಮ್ಮ ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದದ್ದು, ಹೃದಯ ನಿಂತದ್ದು, ಬಟ್ಟೆ ಮಾತ್ರ ಒಂದಿಷ್ಟೂ ಮುದುರದೆ ಇದ್ದದ್ದು, ಎಲ್ಲವನ್ನೂ ಭಾವ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದ.

ಅಷ್ಟು ಜನ ಬರುತ್ತಾರೆಂದು ಅವಳು ಎಣಿಸಿರಲಿಲ್ಲ. ಮುಖಗಳಿಗಿಂತ ಮೊದಲು ಬಟ್ಟೆಗಳ ಗುರುತು ಸಿಕ್ಕಿತು. ಇದು ಕಾಫಿ ಚೆಲ್ಲಿದ್ದ ಶರ್ಟು. ಇದು ಗ್ರೀಸಿನದು. ಅಲ್ಲಿದ್ದ ಇಸ್ತ್ರಿಯ ಗೆರೆಗಳೆಲ್ಲ ಗಂಡನ ಕೈಯವು. ಮುಂದಿನ ಸಾಲು ತಲೆ ತಗ್ಗಿಸಿದಾಗ ಕಾಲರುಗಳೆಲ್ಲ ಒಂದೇ ಥರ ನಿಂತಿದ್ದವು.

ಅವಳ ಪಕ್ಕದಲ್ಲಿ ಬಂದು ನಿಂತವರನ್ನು ಪ್ಯಾಂಟಿನಿಂದಲೇ ಗುರುತಿಸಿದಳು. ಹ್ಯಾಂಗರಿಗೆ ಹಾಕಿದರೆ ಕವರಿನಿಂದ ಗೇಣುದ್ದ ಹೊರಗೆ ಉಳಿಯುವ ಪ್ಯಾಂಟು. ಗಂಡ ಅವರಿಗೆ ಇಟ್ಟಿದ್ದ ಹೆಸರು ಉದ್ದ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದವರು, ಎದುರು ಬೀದಿಯ ಮಹಡಿಯಲ್ಲಿ, ಹೆಂಡತಿ ಹೋದ ಮೇಲೆ ಒಬ್ಬರೇ ಇದ್ದರು.

ಅವರು ಅವಳ ಕಡೆ ಬಗ್ಗಿ ಪಿಸುಗುಟ್ಟಿದರು. "ನಿಮ್ಮನ್ನ ನೋಡಿದೀನಿ. ನೀವೂ ಅಲ್ಲೇ ಬಟ್ಟೆ ಕೊಡ್ತಿದ್ರಿ ಅಲ್ವಾ?"

"ಹೌದು," ಎಂದಳು.

ಬಾಯಿಗೆ ರೂಢಿಯಾಗಿದ್ದ ಮಾತು. ಹೇಳಿದ ಮೇಲೆಯೇ ಕೇಳಿಸಿದ್ದು.

"ಒಳ್ಳೇ ಮನುಷ್ಯ. ಹೆಂಡತಿ ಇದಾಳೆ ಅಂತ ಕೇಳಿದ್ದೆ. ಊರಲ್ಲೇ ಇರ್ತಾಳೇನೋ. ಪಾಪ, ಬರೋಕಾಗಲಿಲ್ಲ ಅನ್ಸತ್ತೆ."

ಮುಂದೆ ಕಬ್ಬಿಣದ ಬಾಗಿಲು ಸರಿಯಿತು. ಎಲ್ಲರೂ ಎದ್ದು ನಿಂತರು. ಅಲ್ಲ, ನಾನೇ, ಎನ್ನಲು ಅವಳು ಬಾಯಿ ತೆರೆದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ಬಾಗಿಲು ಮುಚ್ಚಿತು.

*

ಅಂಗಡಿ ತೆಗೆದ ಆ ದಿನ ಮಧ್ಯಾಹ್ನದವರೆಗೂ ಬಟ್ಟೆ ಕೊಟ್ಟು ಮುಗಿಯಲಿಲ್ಲ. ಬಂದವರಲ್ಲಿ ಅರ್ಧ ಜನ ಮೊನ್ನೆ ಹಾಕಿಕೊಂಡದ್ದನ್ನು ಒಗೆಯಲು ತಂದಿದ್ದರು. ಅವಳು ಎಲ್ಲವನ್ನೂ ತೆಗೆದುಕೊಂಡಳು. ಕೌಂಟರಿನ ಆಚೆ ಭಾವ ಬಟ್ಟೆ ಹುಡುಕಿ ತೆಗೆಯುತ್ತಿದ್ದ. ಈಚೆ ನಿಂತು ಅವಳು, ಅದಲ್ಲ ಭಾವ, ಅದರ ಪಕ್ಕದ್ದು, ಎನ್ನುತ್ತಿದ್ದಳು.

ವೀಸಾದ ಏಜೆಂಟು ಊಟದ ಹೊತ್ತಿಗೆ ಬಂದ. ಟೈ ಸಡಿಲ ಮಾಡಿಕೊಂಡು ಸ್ಟೂಲಿನ ಮೇಲೆ ಕೂತ.

"ನೋಡಿಮ್ಮಾ, ಅವರು ಹೋದ್ರು ಅಂದ್ಮೇಲೆ ಅವರ ಹೆಂಡತಿ ಅನ್ನೋ ವೀಸಾನೂ ಹೋಯ್ತು. ಈ ತಿಂಗಳು ಮುಗಿಯೋದರೊಳಗೆ ಹೊರಡಬೇಕು. ಇಲ್ಲಾಂದ್ರೆ ಅಂಗಡೀನ ನಿಮ್ಮ ಹೆಸರಿಗೆ ಮಾಡ್ಕೊಂಡು, ನೀವೇ ನಡೆಸ್ತೀನಿ ಅಂತ ಅರ್ಜಿ ಹಾಕಬೇಕು."

"ಹಾಕಿದ್ರೆ?"

"ಆಫೀಸರ್ ಕರೆದು ಒಂದು ಪ್ರಶ್ನೆ ಕೇಳ್ತಾನೆ. ಇಷ್ಟು ವರ್ಷ ಈ ಅಂಗಡೀಲಿ ಕೆಲಸ ಮಾಡಿದೀರಾ? ಹೌದು ಅಂದ್ರೆ ಕಾನೂನು ಮುರಿದ ಹಾಗಾಯ್ತು. ಇಲ್ಲ ಅಂದ್ರೆ, ಮತ್ತೆ ನಿಮಗೇನು ಗೊತ್ತು ಈ ವ್ಯಾಪಾರ, ಮನೆಗೆ ಹೋಗಿ ಅಂತಾನೆ."

"ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದ್ರೆ?"

ಏಜೆಂಟು ನಕ್ಕ. "ನನ್ನ ಹತ್ರ ಬಂದವರು ಯಾರೂ ಇನ್ನೂ ಅದನ್ನ ಟ್ರೈ ಮಾಡಿಲ್ಲ. ಬಿಡ್ತಾರೋ, ಹೊರಗೆ ಹಾಕ್ತಾರೋ, ನಾನಂತೂ ಹೇಳಲಾರೆ."

ಅವನು ಹೋದ ಮೇಲೆ ಭಾವ ಸ್ಟೂಲನ್ನು ಗೋಡೆಗೆ ಸರಿಸಿದ. ನಂತರ ಮೆತ್ತಗೆ ಹೇಳಿದ. "ಬಲವಂತ ಮಾಡ್ತಿಲ್ಲಮ್ಮಾ. ಅಲ್ಲಿ ನಿನ್ನ ಓದಿಗೆ ಯಾವುದಾದರೂ ಲ್ಯಾಬಿನಲ್ಲಿ ಕೆಲಸ ಸಿಗತ್ತೆ. ಇಲ್ಲಿ ಯಾರಿದಾರೆ ನಿಂಗೆ? ಯಾರಿಗೆ ಗೊತ್ತು ನೀನು?"

ಭಾವ ಮತ್ತೆ ಕಂಬಿಯ ಕಡೆ ತಿರುಗಿದ. ಕೊನೆಯಲ್ಲಿ ಒಂದು ಬೂದು ಕೋಟು ಉಳಿದಿತ್ತು.

"ಇದು ಯಾರದು? ಚೀಟಿ ಇಲ್ಲ. ಅವನದೇ ಇರಬೇಕು. ಸೂಟ್‌ಕೇಸಿಗೆ ಹಾಕ್ಲಾ?"

"ಅವರದಲ್ಲ. ಎರವಲು ತಂದಿದ್ದು."

ವೀಸಾ ಆಫೀಸಿಗೆ ಹೋಗುವಾಗಲೆಲ್ಲ ಅವನು ಹಾಕಿಕೊಳ್ಳುತ್ತಿದ್ದ ಕೋಟು. ಆಫೀಸರು ಮೊದಲು ಕೋಟು ನೋಡ್ತಾನೆ, ಕಾಗದ ಆಮೇಲೆ, ಎನ್ನುತ್ತಿದ್ದ. ಉದ್ದ ಮೇಷ್ಟ್ರನ್ನು ಕೇಳಿ ತಂದು, ಅಷ್ಟುದ್ದದ ತೋಳನ್ನು ಒಳಕ್ಕೆ ಮಡಚಿ ತಾನೇ ಹೊಲಿದುಕೊಂಡಿದ್ದ. ಈ ಸಲ ಆಗಲಿ, ಬಿಚ್ಚಿ ವಾಪಸ್ ಕೊಟ್ಟುಬಿಡೋಣ, ಎನ್ನುವಷ್ಟರಲ್ಲಿ ಮುಂದಿನ ನವೀಕರಣ ಬರುತ್ತಿತ್ತು. ಮೇಷ್ಟ್ರೂ ಕೇಳಿರಲಿಲ್ಲ.

ಅವಳು ಕೌಂಟರಿನ ಹಲಗೆ ಎತ್ತಿ ಆಚೆ ಹೋದಳು. ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಳು. ಕೋಟಿನ ಬೆನ್ನಿಗೆ, ಎದೆಗೆ, ಜೇಬಿನ ಬಾಯಿಗೆ ಹಬೆ ಬಿಟ್ಟಳು. ಬಾಗಿಲು ಸದ್ದಾಯಿತು, ಗುರುತಿಲ್ಲದ ಹೆಂಗಸೊಬ್ಬಳು ಶರ್ಟು ಹಿಡಿದು ನಿಂತಿದ್ದಳು. ಅವಳು ಇಸ್ತ್ರಿ ನಿಲ್ಲಿಸಲಿಲ್ಲ.

"ಒಂದು ನಿಮಿಷ. ಬಂದೆ," ಎಂದಳು.

*

ಮೇಷ್ಟ್ರು ಬಾಗಿಲು ತೆಗೆದು, ಕನ್ನಡಕ ಸರಿಮಾಡಿಕೊಂಡು, ಅವಳನ್ನೂ ಕೋಟನ್ನೂ ನೋಡಿದರು.

"ನೀವಾ? ಇದು ನಿಮ್ಮ ಹತ್ರ ಹೇಗೆ ಬಂತು?"

"ಅಂಗಡಿಯಿಂದ ತಂದೆ ಸರ್."

"ಅಂಗಡಿ ತೆಗೆದಿದೆಯಾ? ಯಾರು ನೋಡ್ಕೋತಿದಾರೆ?"

"ನಾನು." ಅವಳು ಕೋಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಮೊನ್ನೆ ನಿಮಗೆ ಸುಳ್ಳು ಹೇಳಿದೆ. ನಾನು ಬಟ್ಟೆ ಕೊಡ್ತಿರಲಿಲ್ಲ. ನಾನು ಅವರ ಹೆಂಡತಿ. ಕಲೆ ತೆಗೀತಿದ್ದಿದ್ದು ನಾನು."

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ದೇವರೇ. ನಾನು ಅವತ್ತು ನಿಮ್ಮ ಮುಂದೇನೇ..."

"ನಿಮ್ಮ ತಪ್ಪಲ್ಲ ಸರ್. ಹಾಗೇ ಕಾಣಲಿ ಅಂತಲೇ ನಾವು ನಿಲ್ತಿದ್ದಿದ್ದು."

"ನನ್ನ ಹೆಂಡತಿ ಶಾಲಿನ ಮೇಲಿನ ತುಕ್ಕು?"

"ನಾನೇ. ಎರಡು ಸಲ ಕೂತೆ ಅದಕ್ಕೆ."

ಅವರು ಒಳಗೆ ಕರೆದರು. ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿಟ್ಟರು. ಆಫೀಸರನ ಪ್ರಶ್ನೆಯ ಬಗ್ಗೆ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಅಲ್ಲೂ ಇದನ್ನೇ ಹೇಳ್ತೀರಾ?"

"ಹೇಳ್ತೀನಿ ಅನ್ಸತ್ತೆ. ಮೊದಲು ನಿಮಗೆ ಹೇಳಿ ನೋಡೋಣ ಅಂತ ಬಂದೆ."

"ಹೊರಗೆ ಹಾಕಿದ್ರೆ?"

"ಅಂಗಡಿಯವಳಾಗಿ ಹೋಗ್ತೀನಿ."

ಮೇಷ್ಟ್ರು ಕೋಟನ್ನು ಅವಳ ಕಡೆಗೇ ಸರಿಸಿದರು. "ಹಾಗಾದ್ರೆ ಇದು ನಿಮ್ಮ ಹತ್ರಾನೇ ಇರಲಿ. ಆ ಆಫೀಸಿಗೆ ಹೋಗಬೇಕಲ್ಲ."

"ಬೇಡ ಸರ್. ನನ್ನ ಬಟ್ಟೇಲೇ ಹೋಗ್ತೀನಿ. ಒಂದು ಸಣ್ಣ ಕತ್ತರಿ ಇದ್ರೆ ಕೊಡಿ."

ಅವಳು ಕಿಟಕಿಯ ಬಳಿ ಕೂತು ತೋಳಿನ ಒಳಗನ್ನು ಹೊರಗೆ ಮಾಡಿದಳು. ಅವನ ಹೊಲಿಗೆ, ಉದ್ದ, ಓರೆ, ಅವಸರದ ಹೊಲಿಗೆ. ಬಿಚ್ಚುವುದಕ್ಕೆಂದೇ ಹಾಕಿದ್ದು. ಕತ್ತರಿಯ ತುದಿಯಿಂದ ಒಂದೊಂದನ್ನೇ ಎತ್ತಿ ಕತ್ತರಿಸಿದಳು. ದಾರದ ಚೂರುಗಳು ಮಡಿಲಿಗೆ ಬಿದ್ದವು. ಎರಡೂ ತೋಳು ಬಿಚ್ಚಿ, ಎದ್ದು, ಕೋಟನ್ನು ಬಿಡಿಸಿ ಹಿಡಿದಳು. ಮೇಷ್ಟ್ರು ಬೆನ್ನು ಹಾಕಿ ನಿಂತು ಕೈ ತೂರಿಸಿದರು.

ತೋಳುಗಳು ಇಳಿದು ಮಣಿಕಟ್ಟಿಗೆ ಸರಿಯಾಗಿ ನಿಂತವು. ಅಂಗಡಿಯ ಕಂಬಿಯ ತುದಿಯಲ್ಲಿ ಅಷ್ಟು ವರ್ಷ ಬಿಸಿಲು ಕಂಡ ಕೋಟು ಮೇಲೆಲ್ಲ ಮಾಸಿತ್ತು. ಮಡಿಕೆಯೊಳಗೆ ಇದ್ದಷ್ಟು ಬಟ್ಟೆ ಮಾತ್ರ, ತೋಳುಗಳ ತುದಿಯಲ್ಲಿ, ಈಗಷ್ಟೇ ಕೊಂಡು ತಂದಂತೆ ಗಾಢವಾಗಿತ್ತು.