ಗುಬ್ಬಿಯ ಹೆಬ್ಬೆರಳು

ಟಕ್, ಒತ್ತಿದಳು, ಕಣ್ಣಾಸ್ಪತ್ರೆಯ ಪರದೆಯ ಸಂದಿನಲ್ಲಿ ಗುಬ್ಬಿಯ ಹೆಬ್ಬೆರಳಷ್ಟೇ ಕಾಣುತ್ತದೆ, ಯಂತ್ರಕ್ಕೆ ಗದ್ದ ಆನಿಸಿ ಕೂತಿದ್ದಾಳೆ ನನ್ನ ತಂಗಿಯ ಮಗಳು, ಚುಕ್ಕಿ ಬೆಳಕು ಕಂಡಾಗಲೆಲ್ಲ ಬಟನ್ ಒತ್ತು ಪುಟ್ಟಾ, ಕಾಣ್ದಿದ್ರೆ ಸುಮ್ನಿರು ಅಂದಳು ಪರೀಕ್ಷೆ ಮಾಡುವ ಹುಡುಗಿ — ಟಕ್ — ಹದಿನೆಂಟು ವರ್ಷ ಔಷಧಿ ಅಂಗಡಿಯಲ್ಲಿ ನಿಂತ ನನಗೆ ಕೂರುವುದೇ ಮರೆತಿದೆ, ಸುಸ್ತು, ಮೂಳೆಗೆ ಇಳಿದ ಸುಸ್ತು. ಅವತ್ತು ಗುಬ್ಬಿಯ ಕಣ್ಣು ಕೆಂಪು, ನೀರು, ಎಲ್ಲಕ್ಕಿಂತ ಹೆಚ್ಚಾಗಿ ತುರಿಕೆ, ಎರಡೂ ಕಣ್ಣಿಗೆ ಒಟ್ಟಿಗೆ, ಕೀವಿಲ್ಲ, ಧೂಳೆದ್ದ ದಿನ ಜಾಸ್ತಿ, ಅಲರ್ಜಿ ಎಂದು ನನಗೆ ಯಾರು ಹೇಳಬೇಕು, ತಣ್ಣೀರ ಬಟ್ಟೆ ಇಡಿ, ಉಜ್ಜಬೇಡಿ, ಅಲರ್ಜಿ ಡ್ರಾಪ್ಸ್ ವಾರಗಟ್ಟಲೆ ಹಾಕ್ಬೇಕು, ತಾಳ್ಮೆ ಬೇಕು, ಗಿರಾಕಿಗಳಿಗೆಲ್ಲ ಗಿಣಿಪಾಠ ಒಪ್ಪಿಸುವವಳು ನಾನು, ಮನೆಯವರಿಗೆ ಮಾತ್ರ — ಅಕ್ಕಾ, ಉಜ್ಜಿ ಉಜ್ಜಿ ಅಳ್ತಾಳೆ ಕಣೇ, ಬೇಗ ಕಡಿಮೆ ಆಗೋದು ಏನಾದ್ರೂ ಕೊಡು ಅಂದಳು ತಂಗಿ — ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟೆ, ಐದೇ ದಿನ ಅಂದೆ, ಎರಡನೇ ದಿನಕ್ಕೇ ಕೆಂಪು ಮಾಯ, ನಿನ್ನ ಕೈಗುಣ ಅಕ್ಕಾ, ಉಬ್ಬಿಹೋದೆ. ಆಮೇಲೆ ಖಾಲಿ ಬಾಟಲಿ ಬರತೊಡಗಿತು, ಎಲ್ಲರೂ ಹಾಗೇ ಅಲ್ಲವೇ, ಖಾಲಿಯಾದದ್ದನ್ನು ಕೌಂಟರಿನ ಮೇಲಿಟ್ಟು ಇದೇ ಕೊಡಿ ಅನ್ನುತ್ತಾರೆ, ಶಾಲೆಯಿಂದ ಬರುವಾಗ ಗುಬ್ಬಿಯೇ ತರುತ್ತಿದ್ದಳು, ದೊಡ್ಡಮ್ಮಾ, ಇದೇ ಬೇಕಂತೆ, ಊರವರನ್ನೆಲ್ಲ ಡಾಕ್ಟರ ಚೀಟಿ ಎಲ್ಲಿ ಎಂದು ಕೇಳುವ ಬಾಯಿ ಅವಳೆದುರು ತೆರೆಯಲೇ ಇಲ್ಲ, ಕೈ ತಾನಾಗಿ ಡ್ರಾಯರಿಗೆ ಹೋಗುತ್ತಿತ್ತು, ಒಂದೂವರೆ ವರ್ಷ — ಟಕ್.

ಪಕ್ಕದಲ್ಲಿದ್ದ ಲೋಟ ಗುಬ್ಬಿಯ ಕೈತಾಗಿ ಬಿದ್ದಾಗ ಕಣ್ಣು ಎಲ್ಲಿಟ್ಟಿದ್ದೀಯೇ ಎಂದು ನಾನೇ ಗದರಿದ್ದೆ, ಅಯ್ಯೋ. ಸ್ಟೀರಾಯ್ಡ್ ಹಾಕಿ ಹಾಕಿ ಕಣ್ಣಿನೊಳಗೆ ಒತ್ತಡ ಏರಿದೆ, ನರ ಸವೆದಿದೆ, ಈ ಡ್ರಾಪ್ಸ್ ಯಾರು ಬರೆದಿದ್ದು ಎಂದರು ಡಾಕ್ಟರು, ಅಂಗಡೀಲಿ ಕೊಟ್ರು ಅಂದಳು ತಂಗಿ, ಅಕ್ಕ ಕೊಟ್ಟಳು ಅನ್ನಲಿಲ್ಲ, ಈಗ ಬೆಂಚಿನ ಆ ತುದಿಯಲ್ಲಿ ಕೂತಿದ್ದಾಳೆ, ಬೈದಿದ್ದರಾದರೂ ಚೆನ್ನಾಗಿತ್ತು. ಹೋದ ದೃಷ್ಟಿ ವಾಪಸ್ ಬರಲ್ಲಮ್ಮ, ಎಷ್ಟು ಉಳಿದಿದೆ ನೋಡೋಣ ಎಂದಿದ್ದರು ಡಾಕ್ಟರು. ಎಲ್ಲ ಚುಕ್ಕಿ ಯಾರಿಗೂ ಕಾಣಲ್ಲ, ಗಾಬರಿ ಆಗ್ಬೇಡಿ ಅಂದಿದ್ದಾಳೆ ಹುಡುಗಿ, ಸರಿ, ಗಾಬರಿಯಿಲ್ಲ, ಟಕ್, ಇನ್ನೊಂದು ಈಗ ಬರುತ್ತದೆ, ಒತ್ತೇ ನನ್ನ ಬಂಗಾರ, ಒತ್ತು — ಒಳಗೆ ಚುಕ್ಕಿಗಳು ಹೊತ್ತುತ್ತಿರಬೇಕು, ಆರುತ್ತಿರಬೇಕು, ಬಟನ್ ಮೇಲೆ ಹೆಬ್ಬೆರಳು, ಉಗುರಿನ ಅಂಚಿಗೆ ಶಾಲೆಯ ಶಾಯಿ, ಹೆಬ್ಬೆರಳು, ಅಲ್ಲಾಡದ ಹೆಬ್ಬೆರಳು